ಮೂರನೇ ಟಿಕ್ಕಿಗೆ ಬಿಟ್ಟ ಉಂಗುರಗಳು

ಪಂಪು ಶುರುಮಾಡಿದ ಮೇಲೆ ನೀರು ಹದಕ್ಕೆ ಬರಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತೂ ಮೇಸ್ತ್ರಿ ಗಾಜಿನ ಕಾಲುವೆಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು ನೀರನ್ನೇ ನೋಡುತ್ತಿರುತ್ತಿದ್ದರು. ನೀರು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳುವ ಮೀಟರು ಅಲ್ಲೇ ಇತ್ತು. ಆದರೂ ಪ್ರಯೋಗ ಮಾಡುವವರು ಅದರ ಮುಳ್ಳು ನೋಡಿದ ಮೇಲೆ ಒಮ್ಮೆ ಮೇಸ್ತ್ರಿಯ ಮುಖವನ್ನೂ ನೋಡುತ್ತಿದ್ದರು. ಅವರು ತಲೆಯಾಡಿಸಿದರೆ ಕೆಲಸ ಶುರು.

ಆ ಪ್ರಯೋಗಶಾಲೆಯಲ್ಲಿ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಕಾಲುವೆಗೆ ಗಾಜು ಕೂರಿಸಿದ್ದು ಅವರು. ಸೋರಿದಾಗಲೆಲ್ಲ ಸಂದಿಗೆ ಅಂಟು ತುಂಬಿದ್ದೂ ಅವರು. ಪಂಪಿನ ಬೇರಿಂಗು ಇನ್ನೊಂದು ವಾರದಲ್ಲಿ ಹೋಗುತ್ತದೆ ಎಂದು ಬಾಗಿಲಲ್ಲಿ ನಿಂತೇ ಹೇಳಿ, ಅದು ಹೇಳಿದ ವಾರವೇ ಹೋದದ್ದರಿಂದ ಹೆಸರು ಮಾಡಿದ್ದರು. ‘ಮೇಸ್ತ್ರಿಯ ಕಿವಿ’ ಎನ್ನುವುದು ಆ ಕಟ್ಟಡದಲ್ಲಿ ಒಂದು ಉಪಕರಣದ ಹೆಸರಿನ ಹಾಗೆ ಬಳಕೆಯಲ್ಲಿತ್ತು.

ಎರಡು ವರ್ಷದಿಂದ ಕಾಲುವೆಯಲ್ಲಿ ನಡೆಯುತ್ತಿದ್ದುದು ಒಬ್ಬ ಹೆಣ್ಣುಮಗಳ ಪ್ರಯೋಗ. ಮೂವತ್ತರ ಆಚೀಚೆಯ ವಯಸ್ಸು. ಮಾತು ಕಡಿಮೆ, ಬರೆದುಕೊಳ್ಳುವುದು ಹೆಚ್ಚು. ಕೂತರೂ ನಿಂತರೂ ನೀರಿನ ಸುಳಿಗಳದ್ದೇ ಧ್ಯಾನವೆಂದು ಮೇಸ್ತ್ರಿ ಆಕೆಗೆ ಸುಳಿಯಮ್ಮ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಇಟ್ಟ ಹೆಸರು ವಾರದೊಳಗೆ ಎದುರಿಗೇ ಬಂತು. ಆಕೆ ನಕ್ಕು, ತನ್ನ ಟಿಪ್ಪಣಿ ಪುಸ್ತಕದ ರಟ್ಟಿನ ಮೇಲೂ ಅದನ್ನೇ ಬರೆದುಕೊಂಡಳು.

ಪ್ರಯೋಗ ಹೇಳಲು ಸುಲಭ. ಹರಿಯುವ ನೀರಿನಲ್ಲಿ ಒಂದು ಕಂಬ ನಿಲ್ಲಿಸಿದರೆ ಅದರ ಹಿಂದೆ ನೀರು ಕದಡುತ್ತದೆ. ಆ ಕದಡಿಗೂ ಒಂದು ನಡೆಯುಂಟು. ಕಂಬದ ಎಡಗಡೆಯಿಂದ ಒಂದು ಸುಳಿ ಕಳಚಿಕೊಳ್ಳುತ್ತದೆ, ಆಮೇಲೆ ಬಲಗಡೆಯಿಂದ ಒಂದು, ಮತ್ತೆ ಎಡಗಡೆಯಿಂದ. ಒದ್ದೆ ನೆಲದ ಮೇಲೆ ಯಾರೋ ನಡೆದುಹೋದಂತೆ ಎಡ ಬಲ ಎಡ ಬಲ ಹೆಜ್ಜೆಗಳು. ಹೆಜ್ಜೆಗಳ ಒಳಗೂ ಸುತ್ತಲೂ ಸಣ್ಣಪುಟ್ಟ ಗೊಂದಲ. ಈ ಕದಡಿದ ಜಾಡಿಗೆ ಅಡ್ಡಲಾಗಿ, ಪಕ್ಕದ ಗೋಡೆಯ ನಳಿಗೆಯಿಂದ ಕೆಂಪು ಬಣ್ಣದ ಒಂದು ಸುಳಿಯುಂಗುರ ಬಿಡಬೇಕು. ಸಿಗರೇಟು ಸೇದುವವರು ಬಾಯಿ ಗುಂಡಗೆ ಮಾಡಿ ಹೊಗೆಯ ಬಳೆ ಬಿಡುತ್ತಾರಲ್ಲ, ಅಂಥದ್ದೇ, ನೀರಿನೊಳಗೆ. ಅದು ತನ್ನಷ್ಟಕ್ಕೆ ತಾನು ಉರುಳಿಕೊಳ್ಳುತ್ತ ಎದುರು ಗಾಜಿನತ್ತ ಹೊರಡುತ್ತದೆ. ನಡುವೆ ಜಾಡು ಅಡ್ಡ ಬರುತ್ತದೆ. ಉಂಗುರ ದಾಟುತ್ತದೋ, ಚಿಂದಿಯಾಗುತ್ತದೋ? ಅಷ್ಟೇ ಪ್ರಶ್ನೆ.

ಯಾವ ಘಳಿಗೆಗೆ ಬಿಡಬೇಕು ಎನ್ನುವುದಕ್ಕೂ ಏರ್ಪಾಟಿತ್ತು. ಕಂಬದ ಹಿಂದೆ, ನೀರಿನೊಳಗೆ, ಬೆರಳುಗುರಿನಷ್ಟು ತೆಳುವಾದ ಒಂದು ತಗಡಿನ ಎಲೆ. ಸುಳಿಗಳು ಕಳಚಿದ ಹಾಗೆಲ್ಲ ಎಲೆ ಅತ್ತಿತ್ತ ವಾಲುತ್ತದೆ. ಎಡಕ್ಕೆ ವಾಲಿದಾಗ ಒಂದು ಮೊಳೆಗೆ ತಾಗಿ, ತಂತಿಯ ಮೂಲಕ ಮೇಸ್ತ್ರಿ ಹಾಕಿಕೊಂಡ ಹೆಡ್‌ಫೋನಿನಲ್ಲಿ ‘ಟಿಕ್’ ಎನ್ನುತ್ತದೆ. ಎರಡೂವರೆ ಸೆಕೆಂಡಿಗೊಂದು ಟಿಕ್. ಕಿಟಕಿಯಾಚೆಯ ಕ್ಯಾಮೆರಾ ಕೋಣೆಯಿಂದ ಸುಳಿಯಮ್ಮ ಕೈ ಎತ್ತುತ್ತಾಳೆ. ಮೇಸ್ತ್ರಿ ಮೂರು ಟಿಕ್ ಎಣಿಸಿ, ಮೂರನೆಯದಕ್ಕೆ ಸರಿಯಾಗಿ ಲಿವರ್ ಎಳೆಯುತ್ತಾರೆ. ಹೀಗೆ ಬಿಟ್ಟರೆ ಪ್ರತಿಯೊಂದು ಉಂಗುರವೂ ಸುಳಿಗಳ ನಡೆಯಲ್ಲಿ ಒಂದೇ ಹೆಜ್ಜೆಯ ಹೊತ್ತಿಗೆ ಜಾಡನ್ನು ಸೇರುತ್ತದೆ.

ತೊಂಬತ್ತಾರು ಉಂಗುರ ಬಿಟ್ಟರು. ಮೂವತ್ತೊಂದು ದಾಟಿದವು, ಉಳಿದವು ಹರಿದುಹೋದವು. ಒಂದೇ ಘಳಿಗೆಗೆ ಬಿಟ್ಟರೂ ಮೂರರಲ್ಲಿ ಒಂದು ಮಾತ್ರ ದಾಟುತ್ತದೆ. ಯಾವುದು ದಾಟೀತು ಎಂದು ಮೊದಲೇ ಹೇಳಲಾಗದು. ಜಾಡಿನೊಳಗಿನ ಗೊಂದಲವೇ ಅದನ್ನು ತೀರ್ಮಾನಿಸುತ್ತದೆ ಎಂದು ಸುಳಿಯಮ್ಮ ಬರೆದಳು. ಅದು ಅಚ್ಚಾಯಿತು. ಆಕೆಯ ಮೊದಲ ದೊಡ್ಡ ಬರಹ. ಅದರ ಆಧಾರದ ಮೇಲೇ ಅವಳ ಪದವಿ ನಿಂತಿತ್ತು.

ಏಳು ತಿಂಗಳಾದ ಮೇಲೆ ದೂರದ ಇನ್ನೊಂದು ಪ್ರಯೋಗಶಾಲೆಯಿಂದ ಒಂದು ಪತ್ರ ಬಂತು. ನಿಮ್ಮ ಬರಹದಲ್ಲಿ ಹೇಳಿದಂತೆಯೇ ಕಂಬ, ಎಲೆ, ನಳಿಗೆ ಎಲ್ಲ ಮಾಡಿಕೊಂಡೆವು. ಉಂಗುರವನ್ನು ಮಾತ್ರ ಕೈಯ ಬದಲು ಯಂತ್ರದಿಂದ ಬಿಡಿಸಿದೆವು. ನೂರಿಪ್ಪತ್ತು ಬಿಟ್ಟೆವು, ಒಂದೂ ದಾಟಲಿಲ್ಲ. ನಮ್ಮಲ್ಲೇ ಏನಾದರೂ ತಪ್ಪಿದ್ದರೆ ದಯವಿಟ್ಟು ತಿಳಿಸಿ ಎಂದು ಅವರು ಬರೆದಿದ್ದರು. ಬಹಳ ವಿನಯದ ಕಾಗದ. ಆ ವಿನಯವೇ ಆಕೆಯನ್ನು ಹೆಚ್ಚು ಚುಚ್ಚಿತು.

ಪ್ರಯೋಗಶಾಲೆಯ ಹಿರಿಯರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಅವರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಹದಿನೈದು ದಿನ ಟೈಮು ಕೊಟ್ಟರು. ಅಷ್ಟರಲ್ಲಿ ಉತ್ತರ ಸಿಗದಿದ್ದರೆ, ಅವರು ಅಚ್ಚು ಹಾಕಿಸಿ ತೋರಿಸುವ ಮೊದಲು ನಾವೇ ಬರಹವನ್ನು ಹಿಂದಕ್ಕೆ ಪಡೆಯುವುದು ಮರ್ಯಾದೆ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿದ್ದರೆ ವಾದ ಮಾಡಬಹುದಿತ್ತು.

ಸುಳಿಯಮ್ಮ ಬೇರೆ ವಿಭಾಗದಿಂದ ಒಂದು ಪುಟ್ಟ ಪೆಟ್ಟಿಗೆ ಎರವಲು ತಂದಳು. ಮೂರನೇ ಟಿಕ್ ಬಂದ ಕೂಡಲೇ ಲಿವರನ್ನು ತಾನೇ ಎಳೆಯುವ ಪೆಟ್ಟಿಗೆ ಅದು. ಮೇಸ್ತ್ರಿ ಅದನ್ನು ಕೂರಿಸಿ, ತಂತಿ ಬಿಗಿದು, ಕೈಕಟ್ಟಿ ನಿಂತರು. ಮೊದಲ ದಿನ ಹನ್ನೆರಡು ಉಂಗುರ. ಹನ್ನೆರಡೂ ಹರಿದುಹೋದವು. ಮಾರನೆಯ ದಿನ ಇಪ್ಪತ್ತು. ಇಪ್ಪತ್ತೂ ಹೋದವು. ಕೆಂಪು ಬಳೆ ಜಾಡಿನ ಅಂಚಿಗೆ ಬರುವುದು, ಒಂದು ಕ್ಷಣ ತಡವರಿಸುವುದು, ಆಮೇಲೆ ಯಾರೋ ಎರಡೂ ಕಡೆಯಿಂದ ಹಿಡಿದು ಎಳೆದಂತೆ ಎಳೆಎಳೆಯಾಗಿ ಬಿಚ್ಚಿಕೊಳ್ಳುವುದು. ಪ್ರತಿ ಸಲವೂ ಅದೇ ಜಾಗ, ಅದೇ ಸಾವು.

ದಿನ ಕಳೆದವು. ಹದಿನಾಲ್ಕನೇ ದಿನ ಮಧ್ಯಾಹ್ನ ಆಕೆ ಚಹಾದ ಲೋಟ ಹಿಡಿದು ಕಾಲುವೆಯ ಪಕ್ಕದ ಮೆಟ್ಟಿಲ ಮೇಲೆ ಬಂದು ಕೂತಳು. ಎದುರಿಗೆ ಕೂತು ಮಾತಾಡುವುದು ಆಕೆಯ ರೂಢಿ. ಅದರಿಂದ ಮೇಸ್ತ್ರಿಗೆ ಎಷ್ಟು ಉಪಕಾರವಾಗುತ್ತಿತ್ತು ಎಂಬುದು ಆಕೆಗೆ ಗೊತ್ತಿರಲಿಲ್ಲ.

ಗಾಜು ಅಳೆದಾಯಿತು, ಪಂಪು ಬಿಚ್ಚಿ ನೋಡಿದ್ದಾಯಿತು, ಬಣ್ಣದ ತೂಕ, ನೀರಿನ ಬಿಸಿ, ನಳಿಗೆಯ ಬಾಯಿ, ಯಾವುದರಲ್ಲೂ ತಪ್ಪು ಸಿಕ್ಕಲಿಲ್ಲ ಎಂದು ಹೇಳಿಕೊಂಡಳು. ನಾಳೆ ಹತ್ತು ಗಂಟೆಗೆ ದೊಡ್ಡ ಮೇಷ್ಟ್ರು ಬಂದ ಕೂಡಲೇ ಬರಹ ಹಿಂದಕ್ಕೆ ಪಡೆಯುವ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದಳು. ಆಮೇಲೆ ಲೋಟದೊಳಗೆ ನೋಡುತ್ತ, ಬಹುಶಃ ತನಗೇ ಹೇಳಿಕೊಂಡಂತೆ:

“ಕಾಣಬೇಕು ಅಂತ ಆಸೆ ಇತ್ತು, ಅದಕ್ಕೇ ಕಾಣಿಸ್ತೇನೋ. ಎಲ್ಲದರ ಮೇಲೂ ನನಗೆ ಅನುಮಾನ ಬಂದಿದೆ ಮೇಸ್ತ್ರಿಗಳೇ. ನನ್ನ ಕಣ್ಣಿನ ಮೇಲೂ. ನಿಮ್ಮ ಕಿವಿ ಒಂದು ಬಿಟ್ಟು.”

ಮೇಸ್ತ್ರಿ ತಲೆಯಾಡಿಸಿ, ಒದ್ದೆಯೇ ಇಲ್ಲದ ಜಾಗವನ್ನು ಬಟ್ಟೆಯಿಂದ ಒರೆಸತೊಡಗಿದರು.

ವಿಷಯ ಇಷ್ಟು. ಸುಮಾರು ಎರಡು ವರ್ಷದಿಂದ ಅವರ ಕಿವಿಯಿಂದ ಸಣ್ಣ ಸದ್ದುಗಳು ಒಂದೊಂದಾಗಿ ಎದ್ದು ಹೋಗುತ್ತಿದ್ದವು. ಮೊದಲು ಹೋದದ್ದು ನಲ್ಲಿಯ ಹನಿ. ಆಮೇಲೆ ಕಿಟಕಿಯ ಹಕ್ಕಿಗಳು. ದಪ್ಪ ಸದ್ದುಗಳು ನಿಷ್ಠೆಯಿಂದ ಉಳಿದುಕೊಂಡಿದ್ದವು: ಪಂಪಿನ ಗುಂಯ್ ಎನ್ನುವುದು, ಲಾರಿ, ಗುಡುಗು, ದೊಡ್ಡ ಮೇಷ್ಟ್ರ ಕೆಮ್ಮು. ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳುವಾಗ ಕಾರಣ ಹೇಳಬೇಕಿಲ್ಲವಲ್ಲ ಎಂದು ಮೇಸ್ತ್ರಿ ಸುಮ್ಮನಿದ್ದರು. ಆದರೆ ಟಿಕ್ ಕೂಡ ಸಣ್ಣ ಸದ್ದೇ. ಉಂಗುರಗಳ ಮೊದಲ ತಾಲೀಮಿನಲ್ಲಿ ಅದು ಚೆನ್ನಾಗಿ ಕೇಳಿಸಿತ್ತು. ನಿಜವಾದ ಪ್ರಯೋಗ ಶುರುವಾಗುವ ಹೊತ್ತಿಗೆ ಅದೂ ಹೋಗಿತ್ತು. ಹೆಡ್‌ಫೋನಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಒಳಗೆ ಬರಿಯ ಹತ್ತಿ ತುಂಬಿದಂಥ ಮೌನ.

ಟಿಕ್ಕಿನ ಜೊತೆಗೆ ಒಂದು ಪುಟ್ಟ ದೀಪ ಹಾಕಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ದೀಪ ಯಾಕೆ ಎಂದು ಕೇಳುತ್ತಾರೆ. ಬಾಯಿ ಬಿಟ್ಟರೆ ಬಣ್ಣಗೇಡು. ಯಂತ್ರಗಳ ನಡುವೆ ಕೆಲಸ ಮಾಡುವವರಿಗೆ ಕಿವಿ ಮಂದವಾದರೆ ಮೂರನೇ ಮಹಡಿಯ ಕಡತದ ಕೋಣೆಗೆ ಕಳಿಸುವುದು ಅಲ್ಲಿಯ ನಿಯಮ. ಕಿಟಕಿ ಇಲ್ಲದ ಕೋಣೆ, ನೀರಿನ ಒಂದು ಹನಿಯೂ ಇಲ್ಲದ ಜಾಗ. ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ಅವರು ಹಿಂದಿನ ಸಲ ಪಾಸಾದದ್ದು ಹೇಗೆಂದರೆ, ಗುಂಡಿ ಒತ್ತುವ ನರ್ಸಿನ ಹೆಬ್ಬೆರಳು ಎದುರಿನ ಗಾಜಿನ ಬೀರುವಿನಲ್ಲಿ ಕಾಣಿಸುತ್ತಿತ್ತು.

ಹಾಗಂತ ಅವರು ಉಂಗುರಗಳನ್ನು ಮನಬಂದಂತೆ ಬಿಟ್ಟವರಲ್ಲ. ಅವರ ಅಜ್ಜಿ ಬೆಳಗಿನ ಕೆಲಸ ಮಾಡುತ್ತ ಪದ್ಯ ಹೇಳುತ್ತಿದ್ದವಳು. ಅಕ್ಷರ ಬರುವ ಮೊದಲೇ ಮೊಮ್ಮಗನ ಕಾಲ್ಬೆರಳಿಗೆ ತಾಳ ಬಂದಿತ್ತು. ತಾಲೀಮಿನ ದಿನಗಳಲ್ಲಿ ಎರಡೂವರೆ ಸೆಕೆಂಡಿನ ಟಿಕ್ಕಿಗೆ ಅಜ್ಜಿಯ ಅರ್ಧ ಸಾಲು ಅಳತೆ ಮಾಡಿಸಿದಂತೆ ಹೊಂದಿಕೊಂಡಿತ್ತು. ಟಿಕ್ ಕೇಳಿಸದಾದ ಮೇಲೆ ಅವರು ಆ ಅರ್ಧ ಸಾಲನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳತೊಡಗಿದರು. ಸುಳಿಯಮ್ಮ ಕೈ ಎತ್ತಿದ ಕೂಡಲೇ ಶುರು: ಒಂದು ಅರ್ಧ, ಎರಡು ಅರ್ಧ, ಮೂರನೇ ಅರ್ಧದ ಕೊನೆಗೆ ಲಿವರ್. ಲಯ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಆಣೆ ಮಾಡಿ ಹೇಳಬಲ್ಲರು. ಲಯ ತಪ್ಪದಿದ್ದರೆ ಘಳಿಗೆಯೂ ತಪ್ಪುವುದಿಲ್ಲ ಎಂದು ಅವರು ನಂಬಿದ್ದರು. ಪೆಟ್ಟಿಗೆ ಬಂದು, ಮೂವತ್ತೆರಡು ಉಂಗುರ ಸಾಲಾಗಿ ಸತ್ತ ಮೇಲೆ ಅವರಿಗೆ ಹೊಳೆಯಿತು: ತಾಳ ಸರಿಯಾಗಿಯೇ ಇತ್ತು, ಆದರೆ ಹಾಡು ಪಕ್ಕದ ಕೋಣೆಯಲ್ಲಿ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಆಕೆ ಯಾವಾಗ ಕೈ ಎತ್ತಿದಳೋ ಆಗ ಅವರ ಸಾಲು ಶುರುವಾಗಿತ್ತು. ನೀರಿನ ಸಾಲು ಎಲ್ಲಿತ್ತೋ ಯಾರಿಗೆ ಗೊತ್ತು.

ಆ ಸಂಜೆ ಅವರು ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡರು. ಹೇಳುವುದಕ್ಕೆ ಒಂದಿದೆ ಎಂದರು. ಆಕೆ ಬಟ್ಟೆಯಿಂದ ಕಣ್ಣೆತ್ತಲಿಲ್ಲ. ತನಗೆ ಈಚೆಗೆ ಕಿವಿ ಸ್ವಲ್ಪ ಸರಿಯಾಗಿ ಕೇಳಿಸುತ್ತಿಲ್ಲ ಎಂದು, ಬಹಳ ದಿನ ಬಚ್ಚಿಟ್ಟ ಗಂಟು ಬಿಚ್ಚುವವರಂತೆ, ತಗ್ಗಿದ ದನಿಯಲ್ಲಿ ಹೇಳಿದರು.

ಹೊಲಿಗೆ ಯಂತ್ರ ನಿಂತಿತು.

“ಇದನ್ನ ನನಗೆ ಹೇಳ್ತಿದ್ದೀರಾ? ಎರಡು ವರ್ಷದಿಂದ ನಾನು ಈ ಮನೇಲಿ ಕೂಗಿ ಕೂಗಿ ಮಾತಾಡ್ತಿರೋದು ಏನು, ಸಂಗೀತ ಅಭ್ಯಾಸಕ್ಕೆ ಅಂದ್ಕೊಂಡ್ರಾ? ನಾವು ದಿನಾ ಜಗಳ ಆಡ್ತೀವಿ ಅಂತ ಪಕ್ಕದ ಮನೆಯವರು ಬಂದು ಸಮಾಧಾನ ಹೇಳಿ ಹೋದ್ರು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಂತೆ.”

ಮೇಸ್ತ್ರಿ ನಗಲು ನೋಡಿದರು, ಆಗಲಿಲ್ಲ. ಉಂಗುರಗಳ ಕಥೆಯನ್ನು ಹೇಳಿದರು. ಪತ್ರ, ಪೆಟ್ಟಿಗೆ, ನಾಳೆ ಹತ್ತು ಗಂಟೆಯ ಸಹಿ. ಹೇಳಿದರೆ ಕಡತದ ಕೋಣೆ ಖಂಡಿತ, ಹೇಳದಿದ್ದರೆ ಆ ಹುಡುಗಿಯ ಎರಡು ವರ್ಷ ನೀರುಪಾಲು ಎಂದರು. ಹೇಳಿದರೂ ಅವಳ ಬರಹ ಉಳಿಯುತ್ತದೆ ಎಂದೇನೂ ಇಲ್ಲ, ಒಂದೇ ಘಳಿಗೆ ಎಂದು ಬರೆದದ್ದೇ ಸುಳ್ಳಾಯಿತಲ್ಲ, ತನ್ನಿಂದಲೇ ಸುಳ್ಳಾಯಿತಲ್ಲ ಎಂದೂ ಹೇಳಿದರು. ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಎಲ್ಲವನ್ನೂ ಕೇಳಿದಳು. ಕೊನೆಗೆ, ಈ ಸಲ ಕೂಗದೆ, ಎದುರಿಗೆ ಮುಖ ಮಾಡಿ ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು:

“ಆ ಮಗು ತಾನೇ ತಪ್ಪು ಮಾಡ್ದೆ ಅಂದ್ಕೊಂಡು ಸಹಿ ಹಾಕತ್ತೆ ರೀ. ಆಮೇಲೆ ದೇವರು ನಿಮಗೆ ಎರಡೂ ಕಿವಿ ವಾಪಸ್ ಕೊಟ್ರೂ, ಅದರಲ್ಲಿ ಏನಂತ ಕೇಳಿಸ್ಕೊಳ್ತೀರಿ?”

ಬೆಳಿಗ್ಗೆ ಎದ್ದು ಸ್ನಾನ ಮಾಡಿ ಮೇಸ್ತ್ರಿ ದೇವರ ಮುಂದೆ ನಿಂತರು. ಕಿವಿ ಕೊಡು ಎಂದು ಕೇಳಲಿಲ್ಲ. ನಾಲಿಗೆ ತಡವರಿಸದಿದ್ದರೆ ಸಾಕು ಎಂದು ಕೇಳಿದರು. ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ತಿದ್ದಿ ತಿದ್ದಿ, ಪ್ರಯೋಗಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಅದನ್ನು ಪೂರ್ತಿ ಮರೆತಿದ್ದರು.

ಸುಳಿಯಮ್ಮ ಆಗಲೇ ಬಂದಿದ್ದಳು. ಮೇಜಿನ ಮೇಲೆ ಕಾಗದ, ಕಾಗದದ ಮೇಲೆ ಪೆನ್ನು. ಮೇಸ್ತ್ರಿ ಸ್ಟೂಲಿನ ಮೇಲೆ ಕೂರದೆ ನಿಂತೇ, ತನಗೆ ಟಿಕ್ ಕೇಳಿಸುತ್ತಿರಲಿಲ್ಲ ಎಂದರು. ಆಕೆಗೆ ಅರ್ಥವಾಗಲಿಲ್ಲ. ಯಾವತ್ತು ಎಂದು ಕೇಳಿದಳು. ಯಾವತ್ತೂ ಎಂದರು.

“ತೊಂಬತ್ತಾರರಲ್ಲಿ ಎಷ್ಟು ಸಲ?”

“ಒಂದು ಸಲಾನೂ ಇಲ್ಲ ತಾಯಿ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನಿಮ್ಮ ಎಲೆ.”

ಆಮೇಲೆ ಅರ್ಧ ಸಾಲಿನ ಲೆಕ್ಕ, ನರ್ಸಿನ ಹೆಬ್ಬೆರಳು, ಕಡತದ ಕೋಣೆಯ ಭಯ, ಎಲ್ಲವೂ ಒಂದರ ಹಿಂದೊಂದು ಬಂದವು. ಯಾವುದನ್ನೂ ಚೆಂದ ಮಾಡಿ ಹೇಳಲಿಲ್ಲ. ಸಹಿ ಹಾಕುವ ಕಾಗದದಲ್ಲಿ ತಪ್ಪು ತನ್ನದೆಂದೇ ಬರೆಯಬೇಕು, ಬೇಕಿದ್ದರೆ ತಾನೇ ಮೇಷ್ಟ್ರ ಹತ್ತಿರ ಹೋಗಿ ಹೇಳುತ್ತೇನೆ ಎಂದರು. ಹೇಳಿ ಮುಗಿಸಿದಾಗ ಬೆನ್ನ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು. ಅದರ ಹಿಂದೆಯೇ, ಇಳಿಸಿದ ಮೂಟೆ ಈಗ ಯಾರ ಮೇಲೆ ಬಿತ್ತೋ ಎಂಬ ಅಂಜಿಕೆಯೂ ಆಯಿತು.

ಆಕೆ ಅವರ ಮುಖವನ್ನೇ ನೋಡುತ್ತ ಕೂತಿದ್ದಳು. ಬಯ್ಯುತ್ತಾಳೆ ಎಂದುಕೊಂಡರು. ಅತ್ತರೆ ಏನು ಮಾಡುವುದು ಎಂದುಕೊಂಡರು. ಆಕೆ ಎರಡೂ ಮಾಡಲಿಲ್ಲ. ಬಹಳ ಮೆಲ್ಲಗೆ ಏನೋ ಹೇಳಿದಳು, ಅದು ಅವರಿಗೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದು ಅವರು, ಎರಡು ವರ್ಷದಲ್ಲಿ ಮೊದಲ ಸಲ, ಬಾಯಿಬಿಟ್ಟು ಹೇಳಿದರು. ಆಗ ಆಕೆ ಎದ್ದು ಹತ್ತಿರ ಬಂದು ಹೇಳಿದಳು:

“ಹಾಗಾದ್ರೆ ಅವು ಒಂದೇ ಘಳಿಗೆಗೆ ಬಿಟ್ಟ ಉಂಗುರಗಳೇ ಅಲ್ಲ. ತೊಂಬತ್ತಾರೂ ಬೇರೆ ಬೇರೆ ಘಳಿಗೆಯವು. ಮೇಸ್ತ್ರಿಗಳೇ, ನನ್ನ ಜೊತೆ ಬನ್ನಿ.”

ಕ್ಯಾಮೆರಾ ಕಾಲುವೆಯ ಮೇಲಿನಿಂದ ಕೆಳಕ್ಕೆ ನೋಡುತ್ತಿತ್ತು. ಪ್ರತಿ ಉಂಗುರಕ್ಕೂ ಒಂದು ಚಿತ್ರಸುರುಳಿ ಕಂಪ್ಯೂಟರಿನಲ್ಲಿತ್ತು. ಶಬ್ದವಿಲ್ಲದ ಚಿತ್ರ, ಉಂಗುರವನ್ನು ನೋಡಲೆಂದು ತೆಗೆದದ್ದು. ಆದರೆ ಚೌಕಟ್ಟಿನ ಮೂಲೆಯಲ್ಲಿ, ಯಾರೂ ಇದುವರೆಗೆ ಕಣ್ಣುಹಾಯಿಸದ ಕಡೆ, ತಗಡಿನ ಎಲೆಯ ತುದಿ ಕಾಣುತ್ತಿತ್ತು. ಮೂರನೇ ಟಿಕ್ ಎಂದ ಮೇಲೆ ಅದನ್ನು ನೋಡುವ ಅಗತ್ಯವೇನು ಎಂದು ಆಕೆ ಅದನ್ನು ಬಿಟ್ಟಿದ್ದಳು. ಈಗ ಒಂದೊಂದೇ ಚಿತ್ರ ನಿಲ್ಲಿಸಿ, ಉಂಗುರ ನಳಿಗೆಯಿಂದ ಹೊರಬಿದ್ದಾಗ ಎಲೆ ಎಲ್ಲಿತ್ತು, ಮೊಳೆಗೆ ತಾಗಿ ಎಷ್ಟು ಹೊತ್ತಾಗಿತ್ತು ಎಂದು ನೋಡಬಹುದಿತ್ತು.

ಪಕ್ಕದ ಉದ್ದನೆಯ ಮೇಜನ್ನು ಖಾಲಿ ಮಾಡಿದರು. ಮೇಸ್ತ್ರಿ ಒಂದು ತುದಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು: ಇದು ಟಿಕ್. ಇನ್ನೊಂದು ತುದಿಯಲ್ಲಿ ಇನ್ನೊಂದು ಗೆರೆ: ಇದು ಮುಂದಿನ ಟಿಕ್. ಎರಡರ ನಡುವೆ ಎರಡೂವರೆ ಸೆಕೆಂಡಿನ ಮೇಜು. ಆಕೆ ಪರದೆ ನೋಡಿ ಅಳತೆ ಹೇಳಬೇಕು, ಅವರು ಆ ಜಾಗಕ್ಕೆ ಒಂದು ಚೀಟಿ ಇಡಬೇಕು. ದಾಟಿದ ಉಂಗುರವಾದರೆ ಚೀಟಿಗೆ ಕೆಂಪು ಗುರುತು. ಆಕೆ ಅಳತೆಯನ್ನು ಬಾಯಲ್ಲಿ ಹೇಳಲು ಹೋಗಿ, ತಡೆದು, ಬೆರಳಿನಲ್ಲಿ ತೋರಿಸತೊಡಗಿದಳು.

ಮೊದಲ ಹತ್ತು ಚೀಟಿ ಮೇಜಿನ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಅದರಲ್ಲಿ ಮೂರು ಕೆಂಪು. ಇಪ್ಪತ್ತಾಯಿತು, ಮೂವತ್ತಾಯಿತು. ಬಿಳಿಯ ಚೀಟಿಗಳು ಎಲ್ಲೆಲ್ಲೂ ಇದ್ದವು. ಕೆಂಪಿನವು ಮಾತ್ರ, ಸಂಜೆಯಾದ ಮೇಲೆ ಹಟ್ಟಿಯ ಕಡೆ ತಿರುಗುವ ದನಗಳ ಹಾಗೆ, ಮೇಜಿನ ನಡುವಿಗೆ ಬಂದು ಬಂದು ಸೇರತೊಡಗಿದವು. ಮೇಸ್ತ್ರಿ ಒಂದು ಚೀಟಿ ಇಟ್ಟು ಸುಳಿಯಮ್ಮನನ್ನು ನೋಡಿದರು. ಆಕೆ ಮೇಜನ್ನು ನೋಡುತ್ತಿರಲಿಲ್ಲ. ನೋಡಲು ಹೆದರಿಕೆಯಾಗುತ್ತದೆ, ಎಲ್ಲ ಮುಗಿಯಲಿ ಎಂದಳು.

ಹತ್ತು ಗಂಟೆಗೆ ದೊಡ್ಡ ಮೇಷ್ಟ್ರು ಬಂದರು. ಸಹಿಗೆ ಕಾಯುತ್ತಿದ್ದ ಕಾಗದ ನೋಡಿದರು, ಮೇಜಿನ ಚೀಟಿಗಳನ್ನು ನೋಡಿದರು. ಸುಳಿಯಮ್ಮ ಎರಡು ಮಾತಿನಲ್ಲಿ ವಿಷಯ ಹೇಳಿದಳು. ಅವರು ಮೇಸ್ತ್ರಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಮೇಸ್ತ್ರಿ ತಲೆ ತಗ್ಗಿಸಿದರು. ಮೇಷ್ಟ್ರು ಚೀಲವನ್ನು ಕುರ್ಚಿಯ ಮೇಲಿಟ್ಟು, ಕೋಟಿನ ತೋಳು ಮಡಿಚಿ, ಕೆಂಪು ಪೆನ್ಸಿಲ್ ಕೈಗೆ ತೆಗೆದುಕೊಂಡರು.

ಕೊನೆಯ ಚೀಟಿ ಬೀಳುವಾಗ ಮಧ್ಯಾಹ್ನವಾಗಿತ್ತು. ಮೂವತ್ತೊಂದು ಕೆಂಪು ಚೀಟಿಗಳಲ್ಲಿ ಇಪ್ಪತ್ತೆಂಟು ಮೇಜಿನ ನಡುವೆ ಒಂದು ಮಾರು ಜಾಗದಲ್ಲಿ ಒತ್ತೊತ್ತಾಗಿ ಕೂತಿದ್ದವು. ಆ ಜಾಗದಲ್ಲಿ ಬಿಳಿಯವು ಐದೇ. ಮೂರು ಕೆಂಪು ಚೀಟಿಗಳು ಮಾತ್ರ ಯಾಕೆ ಎಂದು ಹೇಳದೆ ದೂರದಲ್ಲಿ ಒಂಟಿಯಾಗಿ ನಿಂತಿದ್ದವು. ಟಿಕ್ಕಿನ ಗೆರೆಯ ಅಕ್ಕಪಕ್ಕದಲ್ಲಿ, ಅಂದರೆ ಎಲ್ಲ ಉಂಗುರಗಳನ್ನೂ ಬಿಡಬೇಕಾಗಿದ್ದ ಸರಿಯಾದ ಘಳಿಗೆಯಲ್ಲಿ, ಕೆಂಪೆಂಬುದು ಒಂದೂ ಇರಲಿಲ್ಲ.

ಟಿಕ್ಕಿಗೆ ಬಿಟ್ಟ ಉಂಗುರ ಹೋಗಿ ಬೀಳುವುದು ಒಂದು ಸುಳಿಯ ನಟ್ಟನಡುವೆ. ಪೆಟ್ಟಿಗೆ ಪ್ರತಿ ಸಲವೂ ಅಲ್ಲಿಗೇ ಕಳಿಸುತ್ತಿತ್ತು, ದೂರದವರ ಯಂತ್ರವೂ ಅಷ್ಟೇ. ನಳಿಗೆಯ ಕಡೆಯ ಒಂದು ಸುಳಿ ಹೋಗಿ ಅದೇ ಕಡೆಯ ಇನ್ನೊಂದು ಬರುವ ನಡುವೆ ಒಂದು ತೆರಪು ಇದೆ. ಆ ತೆರಪಿಗೆ ಹೋದದ್ದು ದಾಟುತ್ತದೆ. ಗೊಂದಲದೊಳಗೂ ಒಂದು ಬಾಗಿಲು, ಅದು ತೆರೆಯುವುದಕ್ಕೊಂದು ಹೊತ್ತು. ಸುಳಿಯಮ್ಮ ಬರೆದಿದ್ದ ‘ಮೊದಲೇ ಹೇಳಲಾಗದು’ ಎಂಬ ಮಾತು ತಪ್ಪಾಗಿತ್ತು. ಹೇಳಬಹುದು. ಆಕೆಗೆ ಅದಕ್ಕಿಂತ ಸಂತೋಷದ ತಪ್ಪು ಬೇರೆ ಇರಲಿಲ್ಲ.

ಊಟ ಯಾರಿಗೂ ನೆನಪಾಗಲಿಲ್ಲ. ಪಂಪು ಶುರುವಾಯಿತು. ನಲವತ್ತು ನಿಮಿಷ ಮೂವರೂ ಕಾದರು. ಟಿಕ್ ಆಗಿ ಒಂದೂಕಾಲು ಸೆಕೆಂಡು ಕಳೆದ ಮೇಲೆ ಲಿವರ್ ಎಳೆಯುವಂತೆ ಪೆಟ್ಟಿಗೆಯನ್ನು ತಿರುಗಿಸಿದ್ದಾಯಿತು. ಮೀಟರಿನ ಮುಳ್ಳು ನಿಂತಿತು. ದೊಡ್ಡ ಮೇಷ್ಟ್ರು ಅದನ್ನು ನೋಡಿ, ಆಮೇಲೆ ರೂಢಿಯಂತೆ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ತಲೆಯಾಡಿಸಿದರು.

ಕೆಂಪು ಉಂಗುರ ಹೊರಟಿತು. ಜಾಡಿನ ಅಂಚಿಗೆ ಬಂತು. ತಡವರಿಸಿತು. ಒಂದು ಕಡೆಯಿಂದ ಹಿಂಡಿದಂತಾಗಿ, ಕೈ ದೊಡ್ಡದಾದವರು ಬಳೆ ಹಾಕಿಕೊಳ್ಳುವಾಗ ಬಳೆ ಪಡುವ ಪಾಡೆಲ್ಲ ಪಟ್ಟು, ಸೊಟ್ಟಗಾಗಿ, ಆಚೆ ಬಂತು. ಆಚೆ ಬಂದ ಮೇಲೆ ಮೈಕೊಡವಿಕೊಂಡು ಮತ್ತೆ ಗುಂಡಗಾಗಿ, ಎದುರಿನ ಗಾಜಿಗೆ ತಾಗಿ ಅರಳಿತು.

ಸುಳಿಯಮ್ಮ ಗಾಜಿಗೆ ಹಣೆ ಒತ್ತಿ ಹಾಗೆಯೇ ನಿಂತಳು. ಆಕೆಯ ಉಸಿರಿನಿಂದ ಗಾಜಿನ ಮೇಲೆ ಒಂದು ಮಂಜಿನ ವೃತ್ತ ಮೂಡುವುದು, ಆರುವುದು, ಮತ್ತೆ ಮೂಡುವುದು ಮೇಸ್ತ್ರಿಗೆ ಕಂಡಿತು. ಎರಡನೆಯದೂ ದಾಟಿತು. ಮೂರನೆಯದು ಚಿಂದಿಯಾಯಿತು, ಅದಕ್ಕೆ ಯಾರೂ ಬೇಸರಪಡಲಿಲ್ಲ. ಹತ್ತು ಬಿಟ್ಟಾಗ ಎಂಟು ದಾಟಿದ್ದವು. ದೊಡ್ಡ ಮೇಷ್ಟ್ರು ಸಹಿಗೆ ಇಟ್ಟಿದ್ದ ಕಾಗದವನ್ನು ನಾಲ್ಕಾಗಿ ಮಡಿಚಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲಿನ ಕೆಳಗೆ ಇಟ್ಟರು.

ಇನ್ನು ಉಳಿದದ್ದು ಮೇಸ್ತ್ರಿಯ ವಿಷಯ. ಅವರೇ ಅದನ್ನು, ನರ್ಸಿನ ಹೆಬ್ಬೆರಳಿನ ಸಮೇತ, ಎತ್ತಿದರು. ಕಡತದ ಕೋಣೆಗೆ ಯಾವಾಗಿನಿಂದ ಹೋಗಬೇಕು ಎಂದು ಕೇಳಿದರು. ದೊಡ್ಡ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಎದುರು ಬಂದು ನಿಂತು, ಗಟ್ಟಿಯಾಗಿ ಹೇಳಿದರು:

“ಅಲ್ಲಿ ದಿನವಿಡೀ ಫೋನ್ ಬರತ್ತೆ ಕಣ್ರೀ. ಅದು ಬೇರೆ ನಿಮಗೆ ಕೇಳಿಸಲ್ಲ. ಇಲ್ಲಿ ಲಿವರ್ ಎಳೆಯೋಕೆ ಪೆಟ್ಟಿಗೆ ಇದೆ, ನೀರು ನೋಡೋಕೆ ಪೆಟ್ಟಿಗೆ ಇಲ್ಲ. ಮೊದಲು ಹೋಗಿ ಕಿವಿ ತೋರಿಸ್ಕೊಂಡು ಬನ್ನಿ. ಈ ಸಲ ಬೀರು ಕಡೆ ಬೆನ್ನು ಮಾಡಿ ಕೂತ್ಕೊಳ್ಳಿ.”

ಬೈಗುಳ ಅಷ್ಟಕ್ಕೇ ಮುಗಿಯಿತು. ಮನೆಗೆ ಹೋಗಿ ಹೇಳಿದಾಗ ಹೆಂಡತಿ, ನಿಮ್ಮ ಮೇಷ್ಟ್ರಿಗೆ ನನಗಿಂತ ತಾಳ್ಮೆ ಹೆಚ್ಚು ಎಂದಳು. ಅವರು ಮೂರು ತುತ್ತು ಹೆಚ್ಚಿಗೆ ಉಂಡು, ಕೂತಲ್ಲೇ ನಿದ್ದೆ ಹೋದರು.

ದೂರದ ಪ್ರಯೋಗಶಾಲೆಗೆ ಬರೆದ ಕಾಗದಕ್ಕೆ ಐದನೇ ದಿನ ಉತ್ತರ ಬಂತು. ನೀವು ಹೇಳಿದಷ್ಟು ತಡೆದು ಬಿಟ್ಟೆವು, ಇಪ್ಪತ್ತರಲ್ಲಿ ಹದಿನೇಳು ದಾಟಿದವು. ಇಷ್ಟು ದಿನವೂ ನಾವು ಬಾಗಿಲು ಮುಚ್ಚುವ ಹೊತ್ತಿಗೇ ಹೋಗಿ ತಟ್ಟುತ್ತಿದ್ದೆವು ಎಂದಾಯಿತು ಎಂದು ಬರೆದಿದ್ದರು. ಎರಡೂ ಕಡೆಯವರು ಸೇರಿ ತಿದ್ದುಪಡಿಯ ಬರಹ ಅಚ್ಚು ಹಾಕಿಸೋಣ ಎಂದೂ ಕೇಳಿದ್ದರು.

ಆ ಬರಹದಲ್ಲಿ ಒಂದು ವಾಕ್ಯ ಸುಳಿಯಮ್ಮನಿಗೆ ವಾರವಿಡೀ ಕಾಟ ಕೊಟ್ಟಿತು. ಮೊದಲ ತೊಂಬತ್ತಾರು ಉಂಗುರಗಳು ಬೇರೆ ಬೇರೆ ಘಳಿಗೆಗೆ ಹೋದದ್ದು ಹೇಗೆ ಎಂದು ಹೇಳಲೇಬೇಕು. ‘ಕೈಯಿಂದ ಬಿಟ್ಟಿದ್ದರಿಂದ ಸಣ್ಣ ವ್ಯತ್ಯಾಸಗಳಾದವು’ ಎಂದು ಬರೆದು ಮೇಸ್ತ್ರಿಗೆ ತೋರಿಸಿದಳು. ಅವರು ಒಪ್ಪಲಿಲ್ಲ. ತನ್ನ ಕೈಯಲ್ಲಿ ವ್ಯತ್ಯಾಸವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಕೈಗೆ ಯಾಕೆ ಅಪವಾದ ಎಂದರು. ಆಕೆ ನಾಲ್ಕು ಸಲ ತಿದ್ದಿದಳು. ಕೊನೆಗೆ ಒಂದು ಬೆಳಿಗ್ಗೆ, ನೀರು ಹದಕ್ಕೆ ಬರುವುದನ್ನು ಕಾಯುತ್ತ ಅವರು ಸ್ಟೂಲಿನ ಮೇಲೆ ಕೂತಿದ್ದಾಗ, ಹಾಳೆ ಹಿಡಿದು ಎದುರಿಗೆ ಬಂದು ನಿಂತು ಓದಿದಳು:

“ಉಂಗುರ ಬಿಡುತ್ತಿದ್ದವರಿಗೆ ಟಿಕ್ ಕೇಳಿಸುತ್ತಿರಲಿಲ್ಲ. ಅವರು ತಮ್ಮದೇ ತಪ್ಪದ ಲಯದಲ್ಲಿ ಬಿಟ್ಟರು. ಹಾಗಾಗಿ ಉಂಗುರಗಳು ಜಾಡಿನ ಎಲ್ಲ ಘಳಿಗೆಗಳನ್ನೂ ಮುಟ್ಟಿ ಬಂದವು. ತೆರಪು ಇರುವುದು ತಿಳಿದದ್ದು ಅದರಿಂದ.”

ಮೇಸ್ತ್ರಿ ನೀರಿನಿಂದ ಕಣ್ಣು ತೆಗೆದು ಆಕೆಯ ಕಡೆ ತಿರುಗಿದರು.

“ಇನ್ನೊಂದ್ಸಲ ಓದಿ.”

“ಯಾಕೆ, ಕೇಳಿಸಲಿಲ್ವಾ?”

“ಕೇಳಿಸ್ತು. ಅದಕ್ಕೇ.”

ಆಕೆ ಓದಿದಳು.